ಎಂಜಿನ್ ನಿಂತ ಮೇಲೂ ಏಳುತ್ತಿದ್ದ ಗುಳ್ಳೆಗಳು

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ನನ್ನ ಶಾಲೆಯಿರುವ ಅಕ್ಕಿಆಲೂರಿನ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆಯೆಂದು ಕೈಗಡಿಯಾರ ನೋಡಿಕೊಂಡಿದ್ದೆ. ಸಮಯ ಇಷ್ಟು ಖಚಿತವಾಗಿ ನೆನಪಿರುವುದು ಅದಕ್ಕೇ. ಅಂದು ಅಮಾವಾಸ್ಯೆ. ಹಾನಗಲ್ಲಿನ ನಮ್ಮ ಮನೆಯ ಮುಂದೆ ಅಣ್ಣನ ಬಾಡಿಗೆ ಕಾರು ಪೂಜೆಗೆಂದು ತೊಳೆದು ನಿಂತಿತ್ತು. ಎಂಜಿನ್ ಬಂದ್ ಆಗಿತ್ತು, ಬಾನೆಟ್ ತೆರೆದಿತ್ತು. ಬ್ಯಾಟರಿಯ ಪಕ್ಕದಲ್ಲಿ ಕೂಡಿಸಿದ್ದ ಡಬ್ಬಿಯ ನೀರಿನಲ್ಲಿ ಗುಳ್ಳೆಗಳು ಏಳುತ್ತಿದ್ದವು. ನಾನು ಅವನ್ನು ನೋಡಿದೆ. ನೋಡಿ ಸುಮ್ಮನಿದ್ದೆ.

ಆ ಡಬ್ಬಿ ಬಂದು ಮೂರು ವಾರವಾಗಿತ್ತು. ಹಿರೇಕೆರೂರಿಗೆ ಮದುವೆಯವರನ್ನು ಬಿಡಲು ಹೋದಾಗ ಬೇರೊಬ್ಬ ಚಾಲಕ ತನ್ನ ಗಾಡಿಯಲ್ಲಿ ಅದನ್ನು ತೋರಿಸಿದ್ದನಂತೆ. ಮರುದಿನವೇ ಅಣ್ಣ ಸವಣೂರಿಗೆ ಹೋಗಿ ಹಾಕಿಸಿಕೊಂಡು ಬಂದ. ನೀರಿನ ಫಿಲ್ಟರಿನಂಥ, ಹೊರಗಿನಿಂದ ನೀರು ಕಾಣುವ ದಪ್ಪ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸ್ಟೀಲಿನ ತಗಡುಗಳು, ಕಾಸ್ಟಿಕ್ ಸೋಡಾ ಕರಗಿಸಿದ ನೀರು. ಕರೆಂಟ್ ಹರಿಸಿದರೆ ನೀರು ಒಡೆದು ಹೈಡ್ರೋಜನ್ ಹುಟ್ಟುತ್ತದೆ. ಒಂದು ಕೊಳವೆ ಅದನ್ನು ಎಂಜಿನ್ನಿಗೆ ಒಯ್ಯುತ್ತದೆ, ಮೈಲೇಜ್ ಏರುತ್ತದೆ. ಹಾಗೆಂದು ಹೇಳಿ ಕೂಡಿಸಿದ್ದರು. ಸ್ಟೇರಿಂಗ್ ಕೆಳಗೆ ಅದಕ್ಕೊಂದು ಬೇರೆ ಸ್ವಿಚ್. ಗಾಡಿ ನಿಲ್ಲಿಸಿದಾಗ ಅದನ್ನೂ ಬಂದ್ ಮಾಡಬೇಕೆಂದು ಸವಣೂರಿನವನು ಹೇಳಿದ್ದ, ಅಣ್ಣ ನನಗೂ ತೋರಿಸಿದ್ದ.

"ಏ ಮಾಸ್ತರ, ಬಾ ಇಲ್ಲೆ. ಹತ್ತೊಂಬತ್ತು ಕೊಡತಿತ್ತು, ಈಗ ಇಪ್ಪತ್ಮೂರು ಕೊಡಾಕತ್ತೈತಿ" ಎಂದು ಒಂದು ದಿನ ಕರೆದ.

"ಅಣ್ಣಾ, ಗ್ಯಾಸ್ ಮಾಡಾಕ ಕರೆಂಟ್ ಬೇಕು, ಕರೆಂಟಿಗೆ ಎಂಜಿನ್ ತಿರಗಬೇಕು, ಎಂಜಿನ್ ತಿರಗಾಕ ಡೀಸೆಲ್ಲ ಬೇಕು. ತನ್ನ ಬಾಲಾ ತಾನ ತಿಂದು ದಪ್ಪ ಆದ ಹಾವು ಎಲ್ಲೆರ ಐತೇನು?"

"ಹಾವಿನ ಪಾಠ ನಿನ್ನ ಸಾಲ್ಯಾಗ ಮಾಡು. ನನ್ನ ಗಾಡಿ ಸಾಲಿ ಕಲತಿಲ್ಲ, ಅದಕ್ಕ ಇದೆಲ್ಲಾ ಗೊತ್ತಿಲ್ಲ. ಸುಮ್ನ ಮೈಲೇಜ್ ಕೊಡತೈತಿ."

ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದ ವೈನಿ, ಅಂದರೆ ಅಣ್ಣನ ಹೆಂಡತಿ, ತಲೆಯೆತ್ತಲಿಲ್ಲ. "ಗಾಡಿ ನೀರ ಕುಡದು ಓಡತೈತಂತ. ಇವರು ಮಾತ್ರ ಎರಡು ಕಪ್ ಚಾ ಕುಡೀಲಾರದ ಏಳಂಗಿಲ್ಲ" ಎಂದರು.

ನನಗೆ ಗೊತ್ತಿದ್ದ ಇನ್ನೊಂದು ಸಂಗತಿಯನ್ನು ಅಂದು ಹೇಳಲಿಲ್ಲ. ಆ ಡಬ್ಬಿಯ ಕಿಟ್ ಹಾಕಿಸಿದ ಮೇಲೆ ಅಣ್ಣ ಗಾಡಿಯನ್ನು ಹೂವಿನ ಹಾಗೆ ಓಡಿಸುತ್ತಿದ್ದ. ಆಕ್ಸಿಲರೇಟರ್ ಮೇಲೆ ಕಾಲೇ ಊರುತ್ತಿರಲಿಲ್ಲ, ಇಳಿಜಾರಿನಲ್ಲಿ ಹಾಗೇ ಬಿಡುತ್ತಿದ್ದ. ಏರಿದ ಮೈಲೇಜ್ ಅವನ ಪಾದದಿಂದ ಬಂದದ್ದು, ಡಬ್ಬಿಯಿಂದಲ್ಲ. ಆದರೆ ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟು ಸ್ಟೇರಿಂಗ್ ಹಿಡಿದ ಅಣ್ಣ ಬಿ.ಎಸ್ಸಿ. ಓದಿದ ತಮ್ಮನಿಗೆ ಮೊದಲ ಸಲ ವಿಜ್ಞಾನ ಹೇಳಿಕೊಡುತ್ತಿದ್ದ. ಅವನ ಮುಖ ಬೆಳಗಿತ್ತು. ಅದನ್ನು ಆರಿಸಲು ನನಗೆ ಮನಸ್ಸಾಗಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಅವನು ಗಾಡಿಯನ್ನು ತೊಳೆದು, ಮನೆ ಮುಂದೆ ತಂದು, ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿ ಇಳಿದ. ಕಿಟ್ಟಿನ ಸ್ವಿಚ್ ಹಾಗೇ ಉಳಿಯಿತು. ವೈನಿ ನಾಲ್ಕೂ ಗಾಲಿಗೆ ವಿಭೂತಿ ಎಳೆದು, ಕೆಳಗೆ ನಿಂಬೆಹಣ್ಣು ಇಟ್ಟರು. ಅಣ್ಣ ಬಾನೆಟ್ ಎತ್ತಿ, "ಹೊಸಾದು ಬಂದೈತಿ, ಅದಕ್ಕೂ ಒಂದೀಟು ಕುಂಕುಮ ಹಚ್ಚು" ಎಂದ. ಅವರು ಡಬ್ಬಿಗೆ ಕುಂಕುಮ ಹಚ್ಚಿದರು, ಚೆಂಡುಹೂವಿನ ಸಣ್ಣ ಮಾಲೆಯನ್ನು ಕೊಳವೆಗೆ ಸುತ್ತಿ ಗಂಟು ಬಿಗಿದರು. ಆ ಜಗ್ಗಾಟದಲ್ಲಿ ಕೊಳವೆಯ ಬುಡ ಸಡಿಲಾಗಿರಬೇಕು. ನಾನು ಹೊಸ್ತಿಲ ಮೇಲೆ ಕೂತು ಬೂಟಿನ ಲೇಸ್ ಕಟ್ಟುತ್ತಿದ್ದೆ. ಗುಳ್ಳೆ ನೋಡಿದ್ದು ಆಗ. ಮುಚ್ಚಳ ತೆಗೆದ ಸೋಡಾ ಬಾಟಲಿಯಲ್ಲಿ ಉಳಿದ ಗುಳ್ಳೆಗಳ ಹಾಗೆ ಇವೂ ಉಳಿದಿವೆ ಅಂದುಕೊಂಡೆ.

ಹೈಡ್ರೋಜನ್ ಪರೀಕ್ಷೆಯನ್ನು ನಾನು ಪ್ರತಿ ವರ್ಷ ಮಾಡಿ ತೋರಿಸುತ್ತೇನೆ. ಪ್ರನಾಳದ ಬಾಯಿಗೆ ಉರಿಯುವ ಕಡ್ಡಿ ಹಿಡಿದರೆ 'ಪಾಪ್' ಎನ್ನುತ್ತದೆ. ಮಕ್ಕಳು ಚಪ್ಪಾಳೆ ತಟ್ಟಿ, ಇನ್ನೊಮ್ಮೆ ಮಾಡ್ರಿ ಸರ್ ಎನ್ನುತ್ತಾರೆ. ಅದೇ ನಾನು ಹೊಸ್ತಿಲ ಮೇಲೆ ಕೂತು, ವೈನಿ ತಟ್ಟೆಯಲ್ಲಿ ಕರ್ಪೂರ ಹಚ್ಚುವುದನ್ನು ನೋಡುತ್ತಿದ್ದೆ.

ನಂಬರ್ ಪ್ಲೇಟಿಗೆ ಬೆಳಗಿದರು. ನಂತರ ಎಂಜಿನ್ ಕಡೆ ತಟ್ಟೆ ಎತ್ತಿದರು. ಹೂವಿಗೆ ಬೆಂಕಿ ತಾಗದಿರಲೆಂದು ಅಣ್ಣ ಬಗ್ಗಿ ಮಾಲೆಯನ್ನು ಒಂದು ಬದಿಗೆ ಹಿಡಿದುಕೊಂಡ. ಬಂದದ್ದು 'ಪಾಪ್' ಅಲ್ಲ, ಹಂಚು ಒಡೆದಂಥ ಒಣ ಸಪ್ಪಳ. ಡಬ್ಬಿ ಸಿಡಿದು ಒಳಗಿನ ನೀರು ಹಾರಿತು. ಆರತಿ ತಟ್ಟೆ ನೆಲಕ್ಕೆ ಬಿದ್ದು ತಿರುಗುತ್ತಾ ತಿರುಗುತ್ತಾ ಎಷ್ಟೋ ಹೊತ್ತಿಗೆ ನಿಂತಿತು. ಅಣ್ಣ ಎರಡೂ ಕೈಯಿಂದ ಮುಖ ಮುಚ್ಚಿ ನಿಂತೇ ಇದ್ದ.

"ಯಾರಿಗೇನಾತು?" ಎಂದು ಕೇಳಿದ. ಮೊದಲ ಮಾತು ಅದು.

ಓಣಿಯ ಹೆಂಗಸರು ಓಡಿ ಬಂದರು. "ನೀರ ಹಾಕಬ್ಯಾಡ್ರಿ, ಬೆಣ್ಣಿ ಹಚ್ರಿ" ಎಂದು ಒಬ್ಬರು ಕೂಗಿದರು. ಕಾಸ್ಟಿಕ್ ಬಿದ್ದ ಕಣ್ಣಿಗೆ ನೀರೇ ಬೇಕೆಂದು ನನಗೆ ಗೊತ್ತಿತ್ತು. ಅಣ್ಣನನ್ನು ನಳದ ಕೆಳಗೆ ಬಗ್ಗಿಸಿ, ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿದೆ. ಅವನು ಕೂಗತೊಡಗಿದ. "ಸಾಕೋ, ಕಾಲ ಬೀಳ್ತೇನಿ, ಸಾಕು" ಎಂದಾಗ ಬಿಟ್ಟುಬಿಟ್ಟೆ. ಇನ್ನಷ್ಟು ಹೊತ್ತು ಹಿಡಿಯಬೇಕಾಗಿತ್ತು.

ತಾಲೂಕು ಆಸ್ಪತ್ರೆಯವರು ಮತ್ತೆ ತೊಳೆದು, ದಾರಿಯುದ್ದಕ್ಕೂ ಕಣ್ಣಿಗೆ ಬಿಡುತ್ತಾ ಹೋಗಿ ಎಂದು ಸಲೈನ್ ಬಾಟಲಿಗಳನ್ನು ಕೊಟ್ಟು ಹುಬ್ಬಳ್ಳಿಗೆ ಕಳಿಸಿದರು. ಪಕ್ಕದ ಮನೆಯವರ ಕಾರು ಸಿಕ್ಕಿತು, ಓಡಿಸುವವರು ಸಿಗಲಿಲ್ಲ. ನಾನೇ ಕೂತೆ. ಕಲಿಸಿದವನು ಅಣ್ಣನೇ, ಆದರೆ ಊರ ಹೊರಗೆ ಎಂದೂ ಓಡಿಸಿದವನಲ್ಲ. ಅವನು ಹಿಂದಿನ ಸೀಟಿನಲ್ಲಿ ವೈನಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ವೈನಿ ಒಂದು ಕೈಯಲ್ಲಿ ರೆಪ್ಪೆ ಬಿಡಿಸಿ ಇನ್ನೊಂದು ಕೈಯಲ್ಲಿ ನೀರು ಬಿಡುತ್ತಿದ್ದರು.

"ಥರ್ಡಿಗೆ ಹಾಕು. ಎಂಜಿನ್ ಅಳಾಕತ್ತೈತಿ" ಎಂದ ಅಣ್ಣ.

ನಾನು ಗೇರ್ ಬದಲಿಸಿದೆ.

"ಮುಂದ ಹಂಪ್ ಐತಿ. ಬ್ರೇಕ್ ಮ್ಯಾಲೆ ಹತ್ತಿ ಕುಂದ್ರಬ್ಯಾಡ, ಸಾವಕಾಶ ಒತ್ತು."

ಅವನು ಹೇಳಿದಲ್ಲೇ ಹಂಪ್ ಬಂತು. "ನಿನಗ ಕಾಣಾಕತ್ತೈತೇನಣ್ಣಾ?" ಎಂದು ಆಸೆಯಿಂದ ಕೇಳಿದೆ.

"ಇಲ್ಲೋ. ಈ ರಸ್ತೆ ನನ್ನ ಬೆನ್ನಿಗೆ ಗೊತ್ತೈತಿ."

ಹೆದ್ದಾರಿ ಸೇರಿದ ಮೇಲೆ ಒಮ್ಮೆ ಮಾತ್ರ ಕೇಳಿದ: "ಮಾಸ್ತರ, ನೀ ಓದಿದಾಂವ ಹೇಳು. ಇದು ಉಳಿಯೂ ಕಣ್ಣೋ, ಹೋಗೂ ಕಣ್ಣೋ?" ನಾನು ಮುಂದಿದ್ದ ಲಾರಿಯನ್ನು ಹಿಂದೆ ಹಾಕಿದೆ.

ಬಲಗಣ್ಣಿಗೆ ನೇರವಾಗಿ ಸಿಡಿದಿದೆ, ಎಡಗಣ್ಣಿಗೆ ಸ್ವಲ್ಪ ಕಡಿಮೆ ಎಂದರು ಹುಬ್ಬಳ್ಳಿಯ ಡಾಕ್ಟರು. ಕಾಸ್ಟಿಕ್ ಒಳಗೊಳಗೇ ತಿನ್ನುತ್ತಾ ಹೋಗುತ್ತದೆ, ಎಡಗಣ್ಣಾದರೂ ಉಳಿಯುತ್ತದೋ ಇಲ್ಲವೋ ತಿಳಿಯಲು ವಾರಗಳು ಬೇಕು ಎಂದರು.

ಆ ವಾರಗಳಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ವೈನಿ ಗಂಟೆ ನೋಡಿ ಹನಿ ಔಷಧ ಹಾಕುತ್ತಿದ್ದರು. ಮಾತಾಡಿಸಲು ಬಂದ ದೂರದ ಸಂಬಂಧಿಯೊಬ್ಬಳು ಚಹಾ ಕುಡಿದು ಲೋಟ ಕೆಳಗಿಡುತ್ತಾ, "ಏನರ ಆಗ್ಲವಾ, ಹೆಂಡ್ತಿ ಆರತಿ ಎತ್ತಿ ಗಂಡನ ಕಣ್ಣ ಕಳದಂಗಾತು" ಎಂದಳು. ವೈನಿ ಲೋಟ ಎತ್ತಿಕೊಂಡು ಒಳಗೆ ಹೋದರು. ಅಂದಿನಿಂದ ಒಲೆ ಹಚ್ಚುವುದನ್ನೇ ಬಿಟ್ಟರು. "ತಮ್ಮಾ, ಒಂದೀಟು ಹಚ್ಚಿ ಕೊಡು" ಎಂದು ನನ್ನನ್ನು ಕರೆದು, ಉರಿ ಹತ್ತುವ ತನಕ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದರು. ದಿನಾ ಎರಡು ಸಲ ನಾನು ಒಲೆ ಹಚ್ಚುತ್ತಿದ್ದೆ. ಹಚ್ಚುವಾಗಲೆಲ್ಲ ಆ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು: ವೈನೀ, ನಿಮ್ಮ ತಪ್ಪಲ್ಲ, ನಾನು ನೋಡಿದ್ದೆ. ಬರುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. ಅಣ್ಣನ ಎಡಗಣ್ಣೂ ಹೋದರೆ ಈ ಮಾತು ಹೇಳಿ ಇದೇ ಮನೆಯಲ್ಲಿ ಹೇಗೆ ಇರಲಿ ಎಂಬ ಹೆದರಿಕೆ. ಓದಿದವನಿಗೆ ಕಾರಣಗಳು ಬೇಗ ಸಿಗುತ್ತವೆ.

ಏಳನೆಯ ವಾರ ಹುಬ್ಬಳ್ಳಿಯಲ್ಲಿ ಡಾಕ್ಟರು ಅಣ್ಣನ ಬಲಗಣ್ಣು ಮುಚ್ಚಿ, ಗೋಡೆಯ ಅಕ್ಷರಗಳನ್ನು ಓದಿಸಿದರು. ಅಣ್ಣ ನಾಲ್ಕು ಸಾಲು ಓದಿದ. ವೈನಿ ನನ್ನ ತೋಳು ಹಿಡಿದರು. ನಂತರ ಎಡಗಣ್ಣು ಮುಚ್ಚಿಸಿದರು. "ಬೆಳಕ ಐತ್ರಿ, ಅಷ್ಟ" ಎಂದ. ಎಡಗಣ್ಣು ಉಳಿದಿದೆ, ಬಲಗಣ್ಣು ತಿರುಗಿ ಬರುವುದಿಲ್ಲ ಎಂದರು ಡಾಕ್ಟರು. ಬಾಡಿಗೆ ಗಾಡಿ ಓಡಿಸಬಹುದೇ ಎಂದು ಅವನು ಕೇಳಿದಾಗ ಅವರು ಆಗದೆಂದು ತಲೆ ಅಲ್ಲಾಡಿಸಿದರು. ಅಣ್ಣ "ಆತ್ರಿ" ಎಂದು ಎದ್ದ.

ಊರಿಗೆ ವಾಪಸ್ಸಾಗುವಾಗ ಬಸ್ಸು ಶಿಗ್ಗಾಂವಿ ನಿಲ್ದಾಣದಲ್ಲಿ ನಿಂತಿತು. ನಾನು ಕೆಳಗಿಳಿದು ಕಿಟಕಿಯಿಂದ ಚಹಾ ಕೊಟ್ಟೆ. ಅಣ್ಣ ಕೈ ಚಾಚಿದ. ಕೈ ಕಪ್ಪಿಗಿಂತ ಒಂದು ಗೇಣು ಹಿಂದೆಯೇ ನಿಂತು ಗಾಳಿಯನ್ನು ಹಿಡಿಯಿತು. ಮತ್ತೆ ಚಾಚಿದ, ಕಪ್ಪಿಗೆ ಬಡಿದು ಅರ್ಧ ಚಹಾ ಅವನ ಅಂಗಿಯ ಮೇಲೆ ಚೆಲ್ಲಿತು. ನಾನು ಮೇಲೆ ಹತ್ತಿ ಬಂದು ಅವನ ಪಕ್ಕ ಕೂತೆ. ಮಾತು ತಾನಾಗಿ ಬಂತು.

"ಅಣ್ಣಾ, ಅವತ್ತ ಎಂಜಿನ್ ಬಂದ್ ಇದ್ರೂ ಗುಳ್ಳಿ ಏಳಾಕತ್ತಿದ್ವು. ನಾ ನೋಡಿದ್ನಿ. ಸ್ವಿಚ್ ಬಂದ್ ಮಾಡು ಅಂತ ಹೇಳಲಿಲ್ಲ."

ವೈನಿ ಮುಂದಿನ ಸೀಟಿನಿಂದ ತಿರುಗಿದರು. ಅಣ್ಣ ಒದ್ದೆಯಾದ ಅಂಗಿಯನ್ನು ಒರೆಸಿಕೊಂಡ.

"ನಾನೂ ನೋಡಿದ್ನೆಪಾ" ಎಂದ. "ಬಂದ್ ಇದ್ರೂ ಗ್ಯಾಸ್ ಮಾಡಾಕತ್ತೈತಿ, ಎಂಥಾ ಚಲೋ ಕಿಟ್ ಸಿಕ್ಕೈತಿ ಅಂತ ಒಳಗೊಳಗ ಹಿಗ್ಗಿದ್ನಿ. ನಿನಗ ಹೇಳಿದ್ರ ಮತ್ತೇನರ ತಪ್ಪು-ಖೋಡಿ ತಗೀತಿ ಅಂತ ಬಾಯಿ ಬಿಡಲಿಲ್ಲ."

"ಇಬ್ರೂ ನೋಡಿದ್ರಿ?" ವೈನಿಯ ದನಿ ಏರಿತು. "ಏಳು ವಾರ ಈ ಕೈ ನೋಡಿಕೊಂತ ಕುಂತೇನಿ. ಕತ್ತರಿಸಿ ಒಗೀಲೇನು ಅಂದೇನಿ. ಒಬ್ಬರರ ಹೇಳಬಾರದಾಗಿತ್ತೇನ್ರಿ?"

ಅವರು ಅಳತೊಡಗಿದರು. ಅಷ್ಟು ವಾರಗಳಲ್ಲಿ ಅತ್ತದ್ದು ಅದೇ ಮೊದಲು. ಬಸ್ಸಿನವರೆಲ್ಲ ನೋಡುತ್ತಿದ್ದರು. ಕಂಡಕ್ಟರ್ ಬಂದು, "ಏನ್ರಿ, ಯಾರರ ತೀರಕೊಂಡಾರೇನ್ರಿ?" ಎಂದು ಮೆಲ್ಲಗೆ ಕೇಳಿದ. "ಇಲ್ರಿ, ಜೀವಂತ ಅದೀನಿ, ನನ್ನ ಸಲವಾಗಿನ ಅಳಾಕತ್ತಾಳ" ಎಂದ ಅಣ್ಣ. ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು. ಬಲಗಣ್ಣಿನಿಂದಲೂ ಇಳಿಯುತ್ತಿತ್ತು.

ಹಾನಗಲ್ ತಲುಪುವ ತನಕ ವೈನಿ ನಮ್ಮಿಬ್ಬರ ಜೊತೆ ಮಾತಾಡಲಿಲ್ಲ. ಮನೆಗೆ ಬಂದು ಬುತ್ತಿಯಲ್ಲಿ ಉಳಿದಿದ್ದ ರೊಟ್ಟಿಗಳನ್ನು ಮೂರು ಪಾಲು ಮಾಡಿ ಇಟ್ಟು, ತಾವೂ ತಿಂದು, ಹಾಸಿಕೊಂಡು ಮಲಗಿದರು. ನಾವೂ ಮಲಗಿದೆವು. ನನಗೆ ಎಚ್ಚರವಾದಾಗ ಬಿಸಿಲು ಅಂಗಳಕ್ಕೆ ಇಳಿದಿತ್ತು, ಹೊರಗೆ ಹಾಲಿನವನು ಮತ್ತೆ ಮತ್ತೆ ಕೂಗುತ್ತಿದ್ದ. ವೈನಿ ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಾ ನಿದ್ದೆ ಮಾಡುತ್ತಿದ್ದರು. ಹಾಸಿಗೆಯಲ್ಲಿ ಎದ್ದು ಕೂತಿದ್ದ ಅಣ್ಣ, ಎಬ್ಬಿಸಬೇಡ ಎಂದು ನನಗೆ ಕೈಸನ್ನೆ ಮಾಡಿದ.