ಪೈಪಿಗೆ ವಾಯು

ಮೊನ್ನೆ ಬೆಳಿಗ್ಗೆ ತುಮಕೂರಿನ ನಮ್ಮ ಬಾಡಿಗೆ ಮನೆಯಲ್ಲಿ ಕೈತೊಳೆದು ನಲ್ಲಿ ನಿಲ್ಲಿಸಿದೆ, ಗೋಡೆಯೊಳಗೆ ಯಾರೋ ಬಾಗಿಲು ಬಡಿದ ಹಾಗೆ ‘ಢಗ್, ಢಗ್’ ಅಂತು. ನೀವಾಗಿದ್ದರೆ ಪ್ಲಂಬರಿಗೆ ಫೋನು ಮಾಡುತ್ತಿದ್ದಿರಿ. ನಾನು ನಕ್ಕುಬಿಟ್ಟೆ. ಗುಬ್ಬಿಯಿಂದ ಬಂದಿದ್ದ ಚಿಕ್ಕವ್ವ, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಅಲ್ಲೇ ಸೊಪ್ಪು ತೊಳೆಯುತ್ತಿದ್ದಳು. ಅವಳೂ ನಕ್ಕಳು.

ಗುಬ್ಬಿಯಲ್ಲಿ ಅಪ್ಪ, ಚಿಕ್ಕಪ್ಪ ಭಾಗವಾದಾಗ ನಡುಮನೆಗೆ ಅಡ್ಡಗೋಡೆ ಎದ್ದಿತು. ಮನೆ, ಹಸು, ಪಾತ್ರೆ ಎಲ್ಲ ಎರಡು ಪಾಲಾದವು. ಮಾಳಿಗೆ ಮೇಲಿನ ನೀರಿನ ಟ್ಯಾಂಕು ಮಾತ್ರ ಒಂದೇ ಉಳಿಯಿತು. ಅಣ್ಣತಮ್ಮಂದಿರು ಸಂಜೆಯಾದರೆ ಒಂದೇ ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕುತ್ತಿದ್ದರು. ಮಾತು ಬಿಟ್ಟವರು ಅವ್ವ ಮತ್ತು ಚಿಕ್ಕವ್ವ. ಕಾರಣ ಕೇಳಿದರೆ ನಗುತ್ತೀರಿ: ಒರಳುಕಲ್ಲು. ಅದು ಚಿಕ್ಕವ್ವನ ಪಾಲಿಗೆ ಹೋಯಿತು. ಇಬ್ಬರ ಮನೆಯಲ್ಲೂ ಮಿಕ್ಸಿ ಇತ್ತು, ಒರಳಿನಲ್ಲಿ ರುಬ್ಬಿ ಎಷ್ಟೋ ಕಾಲವಾಗಿತ್ತು. ಆದರೂ ನೆಂಟರ ಮುಂದೆ ಅವ್ವ ಅದನ್ನು ‘ನನ್ ಒರಳು’ ಅನ್ನುವುದನ್ನು ಬಿಡಲಿಲ್ಲ.

ಆಮೇಲೆ ಗೋಡೆ ಗುದ್ದುವುದು ಶುರುವಾಯಿತು. ಅವ್ವ ಊಟಕ್ಕೆ ಕೂತರೆ ಢಗ್, ದೇವರಿಗೆ ದೀಪ ಹಚ್ಚಿದರೆ ಢಗ್. ‘ಬೇಕಂತ್ಲೇ ಗುಂಡುಕಲ್ಲು ತಗೊಂಡು ಗುದ್ದುತಾವ್ಳೆ ಕಣ್ಲಾ’ ಎಂದು ನಾನು ಊರಿಗೆ ಹೋದಾಗಲೆಲ್ಲ ನನ್ನ ಹತ್ತಿರ ದೂರು. ದೂರು ಮುಗಿಸಿ ಗೋಡೆಯ ಕಡೆ ತಿರುಗುತ್ತಿದ್ದಳು. ‘ಗುದ್ದು, ಗುದ್ದು! ಗೋಡೆ ಬಿದ್ರೆ ನಿನ್ ತಲೆ ಮೇಲೇ ಬೀಳೋದು!’ ಆಚೆಯಿಂದ ಒಂದು ಮಾತೂ ಬರುತ್ತಿರಲಿಲ್ಲ. ಮಾತಿಗೆ ಮಾತು ಬರದಿದ್ದರೆ ಅವ್ವನಿಗೆ ಇನ್ನೂ ಸಿಟ್ಟು.

ಇಷ್ಟರಲ್ಲಿ ಚಿಕ್ಕವ್ವನ ಮಗಳು ರಾಣಿಗೆ ಮದುವೆ ಗೊತ್ತಾಯಿತು. ರಾಣಿ ಅವ್ವನ ಕೈಯಲ್ಲಿ ಎಣ್ಣೆನೀರು ಹಾಕಿಸಿಕೊಂಡು ಬೆಳೆದ ಹುಡುಗಿ. ‘ಗೋಡೆ ಗುದ್ದೋರ ಮನೆ ಚಪ್ಪರಕ್ಕೆ ನಾನು ಕಾಲಿಡಕ್ಕಿಲ್ಲ’ ಎಂದು ಅವ್ವ ಖಡಾಖಂಡಿತವಾಗಿ ಹೇಳಿಬಿಟ್ಟಳು. ‘ದೊಡ್ಡಮ್ಮ ಇಲ್ದೆ ನಾನು ಹೆಂಗಣ್ಣ ಹಸೆಮಣೆ ಮೇಲೆ ಕೂರ್ಲಿ?’ ಎಂದು ರಾಣಿ ಫೋನಿನಲ್ಲಿ ಅತ್ತಳು. ಗುದ್ದುತ್ತಿರುವುದು ಚಿಕ್ಕವ್ವನಲ್ಲ, ಗೋಡೆಯೊಳಗಿನ ನೀರಿನ ಪೈಪು ಇರಬಹುದು ಎಂದು ನನಗೆ ಅನುಮಾನ.

ನಾನು ಇತಿಹಾಸದ ಮೇಷ್ಟ್ರು. ಪೈಪಿನ ಸದ್ದಿನ ಬಗ್ಗೆ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದೇ ನನ್ನ ವಿದ್ಯೆ. ಅದನ್ನೇ ನಂಬಿ ಗುಬ್ಬಿ ಬಸ್ಸು ಹತ್ತಿದೆ. ಅವ್ವ ಈಚೆ ಗೋಡೆಗೆ ಕಿವಿಯಿಟ್ಟು ಕೇಳಬೇಕು, ಚಿಕ್ಕವ್ವ ಆಚೆ ಒಂದೊಂದೇ ನಲ್ಲಿ ಬಿಟ್ಟು ನಿಲ್ಲಿಸಬೇಕು. ಮಾತಿಲ್ಲದ ಇಬ್ಬರ ನಡುವೆ ಓಡುವುದು ನನ್ನ ಪಾಲಿನ ಕೆಲಸ.

‘ಬುಡಾಕೆ ಹೇಳ್ಲಾ ಅವಳ್ಗೆ.’ ಓಡಿದೆ.

‘ಬುಟ್ಟಿದೀನಿ ಅಂತ ಹೇಳಪ್ಪ ಅವರ್ಗೆ.’ ಮತ್ತೆ ಓಡಿ ಬಂದೆ.

ಕೊನೆಗೆ ಉಸಿರು ಕಟ್ಟಿ ಅವ್ವನ ಅಡುಗೆಮನೆ ಬಾಗಿಲಲ್ಲೇ ಸೊಂಟ ಹಿಡಿದುಕೊಂಡು ನಿಂತೆ. ಅವ್ವನಿಗೆ ತಾಳ್ಮೆ ಅನ್ನುವುದು ಯಾವ ಕಾಲದಲ್ಲಿತ್ತು? ಗೋಡೆಗೇ ಬಾಯಿಟ್ಟು ಕೂಗಿದಳು.

‘ಬುಡೇ!’

‘ಬುಟ್ಟೆ ಕಣಕ್ಕ!’

‘ಈಗ ನಿಲ್ಸು!’

ಢಗ್!

ಅವ್ವ ಆ ಸದ್ದನ್ನು ಕೇಳಿಸಿಕೊಂಡಳೋ ಇಲ್ಲವೋ. ‘ಅಕ್ಕ ಅಂದ್ಳೇನ್ಲಾ?’ ಎಂದು ಮೆಲ್ಲಗೆ ನನ್ನನ್ನು ಕೇಳಿದಳು.

ರೋಗ ಸಿಕ್ಕಿತ್ತು. ಚಿಕ್ಕವ್ವ ಹೊಸದಾಗಿ ಹಾಕಿಸಿದ್ದ ಹಿಡಿ ಇರುವ ನಲ್ಲಿ ಒಂದೇ ಏಟಿಗೆ ಪಟ್ಟನೆ ಮುಚ್ಚಿಕೊಳ್ಳುತ್ತಿತ್ತು. ರಭಸವಾಗಿ ಬರುತ್ತಿದ್ದ ನೀರು ಗಕ್ಕನೆ ನಿಂತು, ಸಡಿಲವಾಗಿದ್ದ ಪೈಪನ್ನು ಗೋಡೆಗೆ ಬಡಿಯುತ್ತಿತ್ತು. ಇದ್ದದ್ದು ಇದ್ದಂತೆ ಹೇಳಿದರೆ ಎದ್ದುಬಂದು ಎದೆಗೆ ಒದ್ದರಂತೆ. ನಲ್ಲಿಯ ಸುದ್ದಿ ಬಾಯಿಬಿಟ್ಟಿದ್ದರೆ ‘ನೋಡ್ದಾ, ಅವಳ್ದೇ ತಪ್ಪು’ ಎಂದು ಅವ್ವ ಹೊಸದಾಗಿ ಶುರುಮಾಡುತ್ತಿದ್ದಳು. ಆದ್ದರಿಂದ ಎರಡೂ ಮನೆಗೆ ಕೇಳುವ ಹಾಗೆ, ‘ಯಾರ್ ತಪ್ಪೂ ಅಲ್ಲ, ಪೈಪಿಗೆ ವಾಯು!’ ಎಂದು ಕೂಗಿದೆ.

ವಾಯುವಿನ ಕಷ್ಟ ಅವ್ವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಮಂಡಿನೋವಿನಿಂದ ತಲೆನೋವಿನವರೆಗೆ ಅವಳ ಎಲ್ಲ ಕಾಯಿಲೆಗೂ ಅದೇ ಮೂಲ. ‘ಅಯ್ಯೋ ಪಾಪ’ ಎಂದು ಗೋಡೆ ಸವರಿದಳು. ಆಚೆಯಿಂದ ಚಿಕ್ಕವ್ವ, ‘ಟ್ಯಾಂಕಿಗೆ ಒಂದ್ ಹಿಡಿ ಓಮ ಹಾಕಣಾ ಅಕ್ಕ?’ ಅಂದಳು. ಅವ್ವ ನಗು ತಡೆಯಲಾರದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಾರನೆಯ ದಿನ ಪ್ಲಂಬರ್ ಬಂದು ಪೈಪು ಬಿಗಿಮಾಡಿ, ನಿಧಾನಕ್ಕೆ ತಿರುಗಿಸುವ ಹಳೆಯ ಥರದ ನಲ್ಲಿ ಕೂರಿಸಿದ. ಮದುವೆಯಲ್ಲಿ ರಾಣಿಗೆ ಮೊದಲು ಅರಿಶಿನ ಹಚ್ಚಿದವಳು ಅವ್ವ. ಹಚ್ಚುತ್ತಾ ಅತ್ತಳು, ಅಳುತ್ತಲೇ ಬೀಗರ ಕಾಫಿಗೆ ಸಕ್ಕರೆ ಕಡಿಮೆ ಅಂತ ಅಡುಗೆಯವನನ್ನು ಗದರಿದಳು.

ಇದೆಲ್ಲ ನೆನಪಾಗಿ ಮೊನ್ನೆ ಚಿಕ್ಕವ್ವನ ಮುಂದೆ ಜಂಬ ಕೊಚ್ಚಿದೆ. ‘ಅವತ್ತು ನಿನ್ ನಲ್ಲೀದೇ ತಪ್ಪು ಅಂತ ಹೇಳ್ಲಿಲ್ಲ ನೋಡು. ವಾಯು ಅಂತ ಸುಳ್ಳು ಹೇಳಿ ನಿಮ್ಮಿಬ್ರನ್ನೂ ಒಂದು ಮಾಡ್ದೆ.’

‘ನಲ್ಲೀದು ಅಂತ ನಂಗೆ ಮೊದ್ಲೇ ಗೊತ್ತಿತ್ತು ಬುಡು’ ಅಂದಳು ಚಿಕ್ಕವ್ವ. ‘ಮೆಲ್ಲಗೆ ಮುಚ್ಚಿದ್ರೆ ಸದ್ದೇ ಬರ್ತಿರ್ಲಿಲ್ಲ.’

‘ಮತ್ಯಾಕೆ ಹಂಗೆ ಬಡೀತಿದ್ದೆ?’

‘ಬಡಿದ್ರೆ ತಾನೇ ಅಕ್ಕ ಬಯ್ತಿದ್ದುದು? ಮಾತು ಬಿಟ್ಮೇಲೆ ಅವಳ ದನಿ ಕೇಳಾಕೆ ನಂಗೆ ಇನ್ನೇನ್ ದಾರಿ ಇತ್ಲಾ?’

ಇದನ್ನು ಅವ್ವನಿಗೆ ಹೇಳಲೇಬೇಕೆಂದು ಫೋನು ಹಚ್ಚಿದೆ. ಚಿಕ್ಕವ್ವ ಒದ್ದೆಕೈಯಲ್ಲೇ ಅದನ್ನು ಕಿತ್ತುಕೊಂಡಳು.

‘ನೀನ್ಯಾಕ್ಲಾ ಮಧ್ಯದಲ್ಲಿ? ಕೊಡಿಲ್ಲಿ, ನಾನೇ ಹೇಳ್ತೀನಿ.’