ಕಿಟಕಿಯ ಗೋಣಿತಟ್ಟು

ಓದುವ ಅಣ್ಣ ಅಕ್ಕಂದಿರಿಗೆ ಶರಣು. ದೊಡ್ಡವನಾದ ಮೇಲೆ ಸಾಲಿ ಕಲಿತವನು ನಾನು. ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬಿಜಾಪುರ ಜಿಲ್ಲೆಯ ಇಂಡಿ ಊರಿನ ಹತ್ತಿರ ಕರೆಂಟಿನ ಸಬ್‌ಸ್ಟೇಷನ್‌ನಲ್ಲಿ ಹದಿನಾಲ್ಕು ವರ್ಷ ಆಪರೇಟರ್ ಆಗಿದ್ದೆ. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ನಿಂಬೆ ತೋಟದವರ ಪಂಪಿಗೆ ತ್ರೀ ಫೇಸ್ ಕರೆಂಟು ಬಿಡುವುದು ಹೆಚ್ಚಾಗಿ ರಾತ್ರಿಯೇ. ಹಗಲು ನನಗೆ ನಿದ್ದೆ ಬರಲೆಂದು ಹೆಂಡತಿ ಶಾಂತವ್ವ ಕೋಣೆಯ ಕಿಟಕಿಗೆ ಗೋಣಿತಟ್ಟು ಕಟ್ಟಿದ್ದಳು. ಮಕ್ಕಳು ಪಿಸುಮಾತಿನಲ್ಲೇ ಬೆಳೆದರು.

ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿ ಎಂದುಕೊಂಡೆ. ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೆ ಬಿಜಾಪುರದಲ್ಲಿ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ಸ್ಕೋಪಿ ಮಾಡಿದರು.

ದೊಡ್ಡ ಕರುಳಿನ ಕ್ಯಾನ್ಸರ್.

ಆಪರೇಷನ್ ಆಯಿತು. ಕಿಮೋ ಶುರುವಾಯಿತು. ವಿಶ್ರಾಂತಿ ತಗೊಳ್ಳಿ ಎಂದರು ಎಲ್ಲರೂ. ನಮ್ಮ ಮನೆಗೆ ಗೊತ್ತಿದ್ದ ವಿಶ್ರಾಂತಿ ಒಂದೇ: ತಟ್ಟು ಇಳಿಬಿಟ್ಟು, ಬಂದವರನ್ನು ಬಾಗಿಲಲ್ಲೇ ಕಳಿಸಿ, ಹಗಲೆಲ್ಲ ಕತ್ತಲಲ್ಲಿ ಮಲಗುವುದು. ರಾತ್ರಿ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದೆ. ಹಸಿವೆಂಬುದೇ ಇರಲಿಲ್ಲ. ನುಚ್ಚು ಮಜ್ಜಿಗೆ ಎರಡೇ ತುತ್ತಿಗೆ ಸಾಕಾಗುತ್ತಿತ್ತು.

ಮೂರನೇ ಕಿಮೋಗೆ ಹೋದಾಗ ಡಾಕ್ಟರ್ ತೂಕ ನೋಡಿದರು. ಹೀಗೇ ಇಳಿದರೆ ಮುಂದಿನ ಡೋಸ್ ಕೊಡಲಾಗುವುದಿಲ್ಲ ಎಂದರು. ಯಾವಾಗ ಏಳುತ್ತೀರಿ, ಯಾವಾಗ ಉಣ್ಣುತ್ತೀರಿ ಎಂದು ಕೇಳಿದರು. ನನಗಿಂತ ಮೊದಲೇ ಶಾಂತವ್ವ ತಟ್ಟಿನ ಕಥೆ ಹೇಳಿಬಿಟ್ಟಳು. ಹಾಗಾದರೆ ಈ ರೋಗ ರಾತ್ರಿ ಪಾಳಿಯಿಂದಲೇ ಬಂತೇನು ಎಂದು ನಾನು ಕೇಳಿದೆ.

"ಅದರಿಂದನ ಬಂತು ಅಂತ ಹೇಳಾಕ ಬರೂದಿಲ್ರಿ. ವರ್ಷಗಟ್ಟಲೆ ರಾತ್ರಿ ದುಡಿಯೂದಕ್ಕೂ ಇದಕ್ಕೂ ಸಂಬಂಧ ಐತೇನು ಅಂತ ಇನ್ನೂ ನೋಡಾಕತ್ತಾರ. ಆದ್ರ ಮೈಯೊಳಗೂ ಒಂದ ಗಡಿಯಾರ ಐತ್ರಿ. ಬೆಳಕು, ಊಟ ಅದಕ್ಕ ಕೀಲಿ. ನೀವು ಕೀಲಿ ಕೊಡೂದನ ಬಿಟ್ಟೀರಿ."

ಮನೆಗೆ ಬಂದವಳೇ ಶಾಂತವ್ವ ತಟ್ಟು ಕಿತ್ತಳು. "ಹದಿನಾಲ್ಕ ವರ್ಷ ನಿಮ್ಮ ನಿದ್ದಿ ಕಾಯ್ದೇನಿ. ಸಾಕ್ರಿ. ನಾಳಿಂದ ಕೋಳಿ ಜೋಡಿ ಏಳ್ರಿ."

ಬೆಳಗಾದರೆ ಅಂಗಳದ ಬಿಸಿಲಿಗೆ ಕೂಡಿಸುತ್ತಿದ್ದಳು. ಹಸಿವಿರಲಿ ಬಿಡಲಿ, ಅದೇ ಹೊತ್ತಿಗೆ ಊಟದ ಗಂಗಾಳ ಮುಂದೆ ಬರುತ್ತಿತ್ತು. ಮಧ್ಯಾಹ್ನ ಕಣ್ಣು ಮುಚ್ಚಿದರೆ ಮಗಳು ಬೇಕೆಂದೇ ಪಾತ್ರೆ ಬಡಿಯುತ್ತಿದ್ದಳು. ಹತ್ತು ದಿನ ಏನೂ ಬದಲಾಗಲಿಲ್ಲ. ಸಿಟ್ಟು ಮಾತ್ರ ಬರುತ್ತಿತ್ತು.

ಒಂದು ದಿನ ಶಾಂತವ್ವ ಹಿಟ್ಟು ನಾದುತ್ತಿದ್ದಳು. "ರೊಟ್ಟಿ ಆದ್ವೇನ?" ಎಂದೆ. ಕೇಳಿದ್ದು ನಾನೇ ಎಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು.

ಅವಳ ಕೈ ನಿಂತಿತು. "ತಡೀರಿ, ಇನ್ನ ಹಂಚ ಕಾದಿಲ್ಲ," ಎಂದು ಮುಖ ಆಚೆ ತಿರುಗಿಸಿದಳು.

ತೂಕ ಇಳಿಯುವುದು ನಿಂತಿತು. ಉಳಿದ ಕಿಮೋ ಎಲ್ಲ ಮುಗಿದವು. ಮೊನ್ನೆಯ ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಮುಂದಿನದು ಗೊತ್ತಿಲ್ಲ. ಕೇಳಿಕೊಂಡ ಮೇಲೆ ಸಬ್‌ಸ್ಟೇಷನ್‌ನಲ್ಲಿ ಹಗಲು ಕೆಲಸವನ್ನೇ ಕೊಟ್ಟಿದ್ದಾರೆ.

ನಿಮ್ಮಲ್ಲಿ ರಾತ್ರಿ ಪಾಳಿಯವರು, ಕಿಮೋ ತಗೊಂಡವರು ಇದ್ದರೆ, ಹೋದ ಹಸಿವು ನಿಮಗೆ ಹೇಗೆ ತಿರುಗಿ ಬಂತು, ನಾಲ್ಕು ಸಾಲು ಬರೆಯಿರಿ. ನನ್ನ ಓದು ನಿಧಾನ. ಆದರೆ ಎಲ್ಲವನ್ನೂ ಓದುತ್ತೇನೆ.