ಕಲಕಿದ ನೀರಿನ ಮೀನು

ಸರ್ಜಾಪುರದ ಕಡೆಯ ನಮ್ಮೂರಿನ ಕೆರೆಗೆ ಆಗ ಬೇಲಿ ಇರಲಿಲ್ಲ. ಮನೆ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಬಿಡುವ ಚಾಳಿ ಆಗಷ್ಟೇ ಶುರುವಾಗಿತ್ತು. ನಮ್ಮ ಮಹಡಿ ಕೋಣೆಗೆ ಮೊದಲು ಬಾಡಿಗೆಗೆ ಬಂದವಳು ಚೀನಾದ ಲಿನ್ ಅಕ್ಕ. ಹತ್ತಿರದ ಫ್ಯಾಕ್ಟರಿಯಲ್ಲಿ ಮೆಷಿನ್ ಕೂರಿಸಲು ಬಂದಿದ್ದ ಚೀನೀಯರ ಮಾತನ್ನು ಇಂಗ್ಲಿಷಿನಲ್ಲಿ ಹೇಳುವುದು ಅವಳ ಕೆಲಸ. ಐದನೇ ಕ್ಲಾಸಿನ ನನ್ನ ಹರಕುಮುರುಕು ಇಂಗ್ಲಿಷಿಗೆ ಅವಳಷ್ಟು ತಾಳ್ಮೆಯಿಂದ ಕಿವಿಗೊಟ್ಟವರು ಇನ್ನೊಬ್ಬರಿಲ್ಲ.

ಸಂಜೆ ಮೆಟ್ಟಿಲ ಮೇಲೆ ಕೂತು, ಅಜ್ಜಿ ಹುರಿದ ಕಡಲೆಕಾಯಿ ಬಿಡಿಸುತ್ತಾ, ಅವಳು ನನಗೆ ಚೀನೀ ಮಾತು ಕಲಿಸುತ್ತಿದ್ದಳು. ನನಗೋ ಕೆರೆಯ ಹುಚ್ಚು, ಹಾಗಾಗಿ ಪಾಠವೆಲ್ಲ ಮೀನಿನದೇ. ಗಾಳ ಹಾಕಿ ಹಿಡಿದರೆ ‘ದ್ಯಾವ್’, ಬಲೆ ಬೀಸಿದರೆ ‘ಬೂ’, ಕೈಯಲ್ಲಿ ಗಬಕ್ಕನೆ ಹಿಡಿದರೆ ‘ಜ್ವಾ’, ಕಾಣದೆ ತಡಕಿದರೆ ‘ಮೋ’. ಗಾದೆಗಳೂ ಇದ್ದವು. ಮರ ಹತ್ತಿ ಮೀನು ಹುಡುಕುವುದು ದಡ್ಡರ ಕೆಲಸವಂತೆ. ‘ಹುನ್ ಶುಯ್ ಮೋ ಯೂ’ ಎಂದರೆ ನೀರು ಕಲಕಿ ಮೀನು ತಡಕುವುದು. ಗಲಾಟೆಯ ನಡುವೆ ಲಾಭ ಹೊಡೆಯುವವರಿಗೆ ಅದು ಬೈಗುಳವಂತೆ.

“ನಮ್ಮೂರ ಸೈಟ್ ಬ್ರೋಕರ್‌ಗಳ್ನ ಅವರೂ ನೋಡವ್ರೆ ಅನ್ನು,” ಎಂದಳು ಅಜ್ಜಿ.

ಚಳಿ ಇಳಿಯುವ ಹೊತ್ತಿಗೆ ಅವರ ಹೊಸವರ್ಷ ಬಂತು. ಆ ರಾತ್ರಿಯ ಊಟಕ್ಕೆ ತಲೆ, ಬಾಲ ಸಮೇತ ಇಡೀ ಮೀನು ಇರಲೇಬೇಕು, ತುಂಡು ಮಾಡಬಾರದು, ಆಗಲೇ ವರ್ಷ ಮೊದಲಿಂದ ಕೊನೆತನಕ ನೆಟ್ಟಗಿರುತ್ತದೆ ಎಂದು ಲಿನ್ ಅಕ್ಕ ನನಗೆ ಹೇಳಿದ್ದಳು. ತಾಯಿಯನ್ನು ಬಿಟ್ಟು ಅವಳು ಮಾಡುತ್ತಿದ್ದ ಮೊದಲ ಹಬ್ಬ ಅದು. ಬೆಳಿಗ್ಗೆಯೇ ನಾನು ಕೆರೆಯಂಚಿನಲ್ಲಿ ತಡಕಾಡಿ, ಅಂಗೈಗಿಂತ ದೊಡ್ಡ ಜಿಲೇಬಿ ಮೀನೊಂದನ್ನು ಹಿಡಿದು ಬಕೆಟ್ಟಿಗೆ ಬಿಟ್ಟು, ಲಿನ್ ಅಕ್ಕನ ಹಬ್ಬಕ್ಕೆ ಎಂದಷ್ಟೇ ಅಮ್ಮನಿಗೆ ಹೇಳಿ ಸ್ಕೂಲಿಗೆ ಹೋದೆ.

ಸಂಜೆ ನಾನೂ ಲಿನ್ ಅಕ್ಕನೂ ಒಟ್ಟಿಗೇ ಮನೆಗೆ ಬಂದೆವು. ಅಮ್ಮ ಮೀನನ್ನು ಉಜ್ಜಿ ತೊಳೆದು, ಚೆಂದಾಗಿ ಹೋಳು ಮಾಡಿ, ಉಪ್ಪು-ಅರಿಶಿನ ಸವರಿ, ನಗುತ್ತಾ ತಟ್ಟೆ ಮುಂದೆ ಹಿಡಿದಳು. ನಮ್ಮಲ್ಲಿ ಮೀನೆಂದರೆ ಹೋಳು, ಸಾರು, ಮುದ್ದೆ. ಇನ್ನೊಂದು ಬಗೆ ಅವಳಿಗೆ ಹೊಳೆಯುವುದಾದರೂ ಹೇಗೆ?

“ಪರವಾಗಿಲ್ಲ ಅಕ್ಕ, ಥ್ಯಾಂಕ್ಸ್,” ಎಂದಳು ಲಿನ್ ಅಕ್ಕ, ಕಲಿತಿದ್ದ ನಾಲ್ಕೇ ಕನ್ನಡ ಮಾತಿನಲ್ಲಿ. ಅವಳು ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ವಿಷಯ ಹೇಳಿದಾಗ ಅಮ್ಮ ತಟ್ಟೆ ಕೆಳಗಿಟ್ಟಳು. “ಹಬ್ಬದ್ ದಿನ ಎಂತಾ ಕೆಲ್ಸ ಮಾಡ್ಬಿಟ್ಟೆ ಅತ್ತೆ.”

“ಒತ್ತು ಮುಳುಗೋಕೆ ಇನ್ನೂ ಟೈಮೈತೆ,” ಎಂದಳು ಅಜ್ಜಿ. “ಸೀರೆ ಎತ್ತಿ ಕಟ್ಟು, ನಡಿ. ಮೇಲಿರೋ ಆ ಮಗೀನೂ ಕರ್ಕ.”

ಸೊಸೆಯಾಗಿ ಬಂದ ಮೇಲೆ ಅಮ್ಮ ಕೆರೆಗೆ ಇಳಿದದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ಆದರೆ ತೌರಲ್ಲಿ ಕಲಿತದ್ದನ್ನು ಅವಳ ಕೈ ಮರೆತಿರಲಿಲ್ಲ. ಮಂಡಿಯುದ್ದ ನೀರು, ಜೊಂಡಿನ ವಾಸನೆ, ಕಾಲ್ಬೆರಳ ಸಂದಿಯಲ್ಲಿ ತಣ್ಣನೆಯ ಕೆಸರು. ಅಮ್ಮ ಕಾಲಿಂದ ನೀರು ಕಲಕತೊಡಗಿದಾಗ ದಡದಲ್ಲಿದ್ದ ಲಿನ್ ಅಕ್ಕನಿಗೆ ಅಳುವಿನ ನಡುವೆಯೇ ನಗು ಬಂತು. ತಮ್ಮಲ್ಲಿ ಇದು ಕಳ್ಳರ ಕೆಲಸ ಎಂದಳು. ನಾನು ಅದನ್ನು ಅಮ್ಮನಿಗೆ ಹೇಳಿದೆ.

“ಕಳ್ರು ಎಲ್ಲಾದ್ರೂ ಕೆಸ್ರಿಗೆ ಇಳೀತಾರಾ? ಬಾ ಅನ್ನು,” ಎಂದಳು ಅಮ್ಮ.

ಲಿನ್ ಅಕ್ಕ ಪ್ಯಾಂಟ್ ಮಡಚಿ ಇಳಿದಳು. ಮೀನಿನ ಮಾತೆಲ್ಲ ಬಲ್ಲ ಅವಳು ಅಲ್ಲಿಯವರೆಗೆ ಜೀವಂತ ಮೀನು ಮುಟ್ಟಿದವಳೇ ಅಲ್ಲ. ಎಷ್ಟೋ ಹೊತ್ತು ತಡಕಿದ ಮೇಲೆ ಒಮ್ಮೆಲೇ “ಜ್ವಾ, ಜ್ವಾ” ಎಂದು ಪಿಸುಗುಟ್ಟಿದಳು. ಅಮ್ಮ ಅವಳ ಕೈಗಳ ಮೇಲೆ ತನ್ನ ಕೈಗಳನ್ನು ಒತ್ತಿದಳು. ಇಬ್ಬರೂ ಸೇರಿ ಮೀನನ್ನು ಮೇಲೆತ್ತಿದರು.

ಅದು ನಮ್ಮ ಇಡ್ಲಿ ಪಾತ್ರೆಯಲ್ಲಿ ಶುಂಠಿಯ ಜೊತೆ ಬಾಲ ಸ್ವಲ್ಪ ಬಾಗಿಸಿಕೊಂಡು ಇಡಿಯಾಗಿಯೇ ಬೆಂದಿತು. ಲಿನ್ ಅಕ್ಕ ಅದರ ಮೊದಲ ತುತ್ತನ್ನು ಅಮ್ಮನ ಬಾಯಿಗಿಟ್ಟಳು.

ಮೆಷಿನ್ ಓಡತೊಡಗಿದ ಮೇಲೆ ಅವಳು ಊರಿಗೆ ಹೊರಟಳು. ಕೆರೆಯನ್ನು ಸ್ವಲ್ಪ ರಸ್ತೆ ನುಂಗಿತು, ಉಳಿದದ್ದನ್ನು ಅಪಾರ್ಟ್‌ಮೆಂಟು. ಇಡೀ ಮೀನು ಈಗ ಫೋನಿನಲ್ಲಿ ಹೇಳಿದರೆ ಬಾಗಿಲಿಗೇ ಬರುತ್ತದೆ, ಅದಕ್ಕೇನೂ ಕೊರತೆಯಿಲ್ಲ. ನಾನು ಕಳೆದುಕೊಂಡದ್ದು ಬೇರೆ. ಯಾರದಾದರೂ ಮನಸ್ಸು ನೋಯಿಸಿದಾಗ ನಾನೂ ಎಲ್ಲರಂತೆ ‘ಸಾರಿ’ ಎಂದು ಟೈಪ್ ಮಾಡಿ ಕಳಿಸುತ್ತೇನೆ. ಅಮ್ಮನ ಹಾಗೆ ಸೀರೆ ಎತ್ತಿ ಕಟ್ಟಿ ಹೊರಡೋಣವೆಂದರೆ ಇಳಿಯಲು ಕೆರೆಯಿಲ್ಲ.